ಲೇಖನಿಯೂ ಒಂದು ಅಮಾನತ್ತು



ಹೊಸ ವಹಿಯೊಂದನ್ನು ತೆರೆದು ಅದರ ಮೊದಲ ಹಾಳೆಯ ಮೇಲೆ ಕೈಯಾಡಿಸಿದಾಗ ಆಗುವ ಸಂತೋಷ ನಿಮಗೆ ಗೊತ್ತಿರಬಹುದು. ಕಾಗದ ನುಣುಪಾಗಿ, ತುಸು ದಪ್ಪವಾಗಿದ್ದರೆ ಶಾಯಿ ಪೆನ್ನು ಅದರ ಮೇಲೆ ಸದ್ದಿಲ್ಲದೆ ಜಾರುತ್ತದೆ. ಅಕ್ಷರದ ಅಂಚು ಒಡೆಯುವುದಿಲ್ಲ, ಶಾಯಿ ಹಿಂಬದಿಗೆ ಇಳಿಯುವುದಿಲ್ಲ. ಬರೆಯುವ ಕೈಗೆ ದಣಿವಿಲ್ಲ, ನೋಡುವ ಕಣ್ಣಿಗೆ ತಂಪು. ಊರಿನಿಂದ ಮಿರಜಿಗೋ ವಿಜಯಪುರಕ್ಕೋ ಹೋದವರಲ್ಲಿ ಕೆಲವರು ಬಟ್ಟೆಯಂಗಡಿ, ಮಿಠಾಯಿ ಅಂಗಡಿಗಳನ್ನು ದಾಟಿ ಬಂದು ಪೆನ್ನು ಪುಸ್ತಕಗಳ ಅಂಗಡಿಯ ಮುಂದೆ ನಿಂತುಬಿಡುತ್ತಾರೆ. ಈ ಸಾಲುಗಳನ್ನು ಬರೆಯುತ್ತಿರುವವನೂ ಅವರಲ್ಲೊಬ್ಬ.

ಇದು ತಪ್ಪೇ? ಐದು ರೂಪಾಯಿಯ ಪೆನ್ನೂ ಬರೆಯುತ್ತದೆ, ಐನೂರು ರೂಪಾಯಿಯ ಪೆನ್ನೂ ಬರೆಯುತ್ತದೆ. ಓದುವವನಿಗೆ ಎರಡೂ ಒಂದೇ. ಹೀಗಿರುವಾಗ ಒಳ್ಳೆಯ ಪೆನ್ನು, ಒಳ್ಳೆಯ ಕಾಗದಗಳ ಮೇಲಿನ ಈ ಮೋಹ ಒಬ್ಬ ಸತ್ಯವಿಶ್ವಾಸಿಗೆ ಒಪ್ಪುವಂಥದ್ದೇ, ಅಥವಾ ಅದು ದುಂದುವೆಚ್ಚದ ಲೆಕ್ಕಕ್ಕೆ ಸೇರುತ್ತದೆಯೇ? ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಮನುಷ್ಯನ ಮನಸ್ಸು ದೊಡ್ಡ ವಿಷಯದಲ್ಲಿ ಜಾರುವ ಮೊದಲು ಸಣ್ಣ ವಿಷಯಗಳಲ್ಲಿ ಜಾರಿ ಅಭ್ಯಾಸ ಮಾಡಿಕೊಂಡಿರುತ್ತದೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಲೇಖನಿಯ ಸ್ಥಾನವನ್ನು ತಿಳಿಯಬೇಕು. ಹಿರಾ ಗುಹೆಯಲ್ಲಿ ಪ್ರವಾದಿ ಮುಹಮ್ಮದ್(ಸ)ರಿಗೆ ಅವತೀರ್ಣವಾದ ಮೊದಲ ಸೂಕ್ತಗಳಲ್ಲೇ ಓದಿನ ಜೊತೆಗೆ ಲೇಖನಿಯ ಪ್ರಸ್ತಾಪವಿದೆ. ಅಲ್ಲಾಹನು ಮನುಷ್ಯನಿಗೆ ಜ್ಞಾನವನ್ನು ಕೊಟ್ಟದ್ದು ಲೇಖನಿಯ ಮೂಲಕವೆಂದು ಅಲ್ಲಿ ಹೇಳಲಾಗಿದೆ. ಪವಿತ್ರ ಕುರ್‌ಆನಿನ 68ನೆಯ ಅಧ್ಯಾಯದ ಹೆಸರೇ 'ಅಲ್ ಕಲಮ್'. ಅದು ಲೇಖನಿಯ ಮೇಲೆ, ಬರೆಯಲ್ಪಡುವುದರ ಮೇಲೆ ಆಣೆಯಿಟ್ಟು ಆರಂಭವಾಗುತ್ತದೆ. ಬದ್ರ್ ಯುದ್ಧದಲ್ಲಿ ಸೆರೆ ಸಿಕ್ಕವರ ಪೈಕಿ ಬಿಡುಗಡೆಯ ಹಣವಿಲ್ಲದ ಅಕ್ಷರಸ್ಥರಿಗೆ ಮದೀನಾದ ಮಕ್ಕಳಿಗೆ ಬರಹ ಕಲಿಸುವುದನ್ನೇ ಪರಿಹಾರವಾಗಿ ನಿಗದಿ ಮಾಡಲಾಯಿತು. ಶತ್ರುವಿನ ಕೈಯಿಂದ ಖಡ್ಗವನ್ನು ಕಸಿದುಕೊಂಡು ಲೇಖನಿಯನ್ನು ಕೊಟ್ಟ ಸಮುದಾಯ ಇದು.

ನಮ್ಮ ಮಾತಿನಲ್ಲೂ ಇದರ ಗುರುತು ಉಳಿದಿದೆ. 'ಕಾಗದ' ಎಂಬ ಶಬ್ದ ಪಾರ್ಸಿಯ 'ಕಾಗಝ್'ನಿಂದ ಬಂದದ್ದು. 'ಶಾಯಿ' ಪಾರ್ಸಿಯ 'ಸಿಯಾಹಿ', ಅಂದರೆ ಕಪ್ಪು. 'ದೌತಿ' ಅರಬಿಯ 'ದವಾತ್'. ಕಾನೂನಿನ 'ಕಲಮು' ಕೂಡ ಅದೇ 'ಕಲಮ್'. ಕಾಗದದ ಕಟ್ಟಿಗೆ ನಾವಿಂದು ಹೇಳುವ 'ರೀಮು' ಇಂಗ್ಲಿಷಿನಿಂದ ಬಂದರೂ ಅದರ ಬೇರು ಅರಬಿಯ 'ರಿಝ್ಮಃ' ಎಂಬ ಪದದಲ್ಲಿದೆ. ಅದರ ಅರ್ಥ ಕಟ್ಟು, ಗಂಟು. ಕನ್ನಡದ ಓದುಬರಹಕ್ಕೆ ಕೂತವರೆಲ್ಲ ಅರಿವಿಲ್ಲದೆಯೇ ಈ ಶಬ್ದಗಳನ್ನು ಬಳಸುತ್ತಾರೆ.

ಇನ್ನು ಚೆಲುವಿನ ವಿಷಯ. ಅಹಂಕಾರದ ಕುರಿತು ಪ್ರವಾದಿವರ್ಯರು(ಸ) ಎಚ್ಚರಿಸಿದಾಗ ಒಬ್ಬರು, ತನ್ನ ಉಡುಪು ಚೆನ್ನಾಗಿರಬೇಕು, ತನ್ನ ಪಾದರಕ್ಷೆ ಚೆನ್ನಾಗಿರಬೇಕು ಎಂದು ಮನುಷ್ಯ ಬಯಸುತ್ತಾನಲ್ಲ, ಅದೂ ಅಹಂಕಾರವೇ ಎಂದು ಕೇಳಿದರು. ಅಲ್ಲಾಹನು ಸ್ವತಃ ಸುಂದರನು, ಸೌಂದರ್ಯವನ್ನು ಮೆಚ್ಚುವವನು ಎಂದು ಪ್ರವಾದಿವರ್ಯರು(ಸ) ಉತ್ತರಿಸಿದರು. ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದೇ ಅಹಂಕಾರವೆಂದು ವಿವರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ಬಂದಿರುವ ಈ ಹದೀಸ್‌ನ ಬೆಳಕಿನಲ್ಲಿ ನೋಡಿದರೆ ಪಾದರಕ್ಷೆಗೆ ಒಪ್ಪುವ ಮಾತು ಪೆನ್ನಿಗೂ ಒಪ್ಪುತ್ತದೆ. ಪ್ರವಾದಿವರ್ಯರು(ಸ) ಅರಸರಿಗೆ ಪತ್ರ ಬರೆಸಲು ಬಯಸಿದಾಗ, ಮುದ್ರೆಯಿಲ್ಲದ ಪತ್ರವನ್ನು ಅವರು ಓದುವುದಿಲ್ಲವೆಂದು ಸಹಾಬಿಗಳು ತಿಳಿಸಿದರು. ಆಗ ಬೆಳ್ಳಿಯ ಉಂಗುರವೊಂದನ್ನು ಮಾಡಿಸಿ ಅದರಲ್ಲಿ ಮುದ್ರೆ ಕೆತ್ತಿಸಲಾಯಿತು. ಕೆಲಸ ಬಯಸುವಷ್ಟು ಒಳ್ಳೆಯ ಸಲಕರಣೆಯನ್ನು ಮಾಡಿಕೊಳ್ಳುವುದು ಸುನ್ನತ್ತಿಗೆ ವಿರುದ್ಧವಲ್ಲವೆಂಬುದಕ್ಕೆ ಇದು ಸಾಕ್ಷಿ.

ಮುಸ್ಲಿಮ್ ಚರಿತ್ರೆಯಲ್ಲಿ ಈ ಸಲಕರಣೆಗಳ ಬಗ್ಗೆ ತೋರಿದ ಶ್ರದ್ಧೆ ಅಷ್ಟಿಷ್ಟಲ್ಲ. ಹಿಂದಿನ ಕಾಗದ ತಯಾರಕರು ಚಿಂದಿ ಬಟ್ಟೆಯ ನಾರಿನಿಂದ ಹಾಳೆ ಮಾಡಿ, ಅದಕ್ಕೆ ಗಂಜಿ ಬಳಿದು, ಒಣಗಿಸಿ, ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ಕೊಡುತ್ತಿದ್ದರು. ಗಂಜಿಯು ನಾರುಗಳ ನಡುವಿನ ಸಂದನ್ನು ಮುಚ್ಚುವುದರಿಂದ ಶಾಯಿ ಹರಡದೆ ಮೇಲೆಯೇ ನಿಲ್ಲುತ್ತದೆ. ಇಂದಿನ ಅಗ್ಗದ ವಹಿಯಲ್ಲಿ ಶಾಯಿ ಒಡೆಯಲು ಈ ಲೇಪ ಸಾಲದಿರುವುದೇ ಮುಖ್ಯ ಕಾರಣ. ದೌಲತಾಬಾದಿನ ಬಳಿಯ ಕಾಗಝೀಪುರವೆಂಬ ಊರಿಗೆ ಈ ಕಸುಬಿನಿಂದಲೇ ಹೆಸರು ಬಂದಿದೆ. ಕ್ರಿ.ಶ. 940ರಲ್ಲಿ ನಿಧನರಾದ ಬಗ್ದಾದಿನ ಇಬ್ನ್ ಮುಕ್ಲಃ ಲೇಖನಿಯ ತುದಿಯಿಂದ ಬೀಳುವ ಒಂದು ಚುಕ್ಕೆಯನ್ನೇ ಅಳತೆಯಾಗಿ ಇಟ್ಟುಕೊಂಡು ಅರಬಿ ಅಕ್ಷರಗಳ ಎತ್ತರ ಅಗಲಗಳನ್ನು ನಿಗದಿಪಡಿಸಿದರು.

ಅಷ್ಟು ದೂರ ಹೋಗುವುದೇ ಬೇಡ. ತೆಲಸಂಗದಿಂದ ಮೂಡಣ ದಾರಿ ಹಿಡಿದರೆ ವಿಜಯಪುರ ಸಿಗುತ್ತದೆ. 1580ರಿಂದ 1627ರ ತನಕ ಅಲ್ಲಿ ಆಳಿದ ಎರಡನೆಯ ಇಬ್ರಾಹೀಮ್ ಆದಿಲ್ ಶಾಹನ ಆಸ್ಥಾನದಲ್ಲಿ ಇರಾನಿನಿಂದ ಬಂದ ಖಲೀಲುಲ್ಲಾ ಎಂಬ ಲಿಪಿಕಾರರಿದ್ದರು. ಸುಲ್ತಾನನು ರಚಿಸಿದ 'ನೌರಸ್' ಗ್ರಂಥವನ್ನು ಅವರು ಸುಂದರವಾಗಿ ಬರೆದುಕೊಟ್ಟಾಗ ಅವರಿಗೆ ಸಿಕ್ಕಿದ ಬಿರುದು 'ಪಾದಶಾಹೆ ಕಲಮ್', ಲೇಖನಿಯ ದೊರೆ. ಇಬ್ರಾಹೀಮ್ ರೋಜಾದ ಕಿಟಕಿಗಳನ್ನು ನೋಡಿದವರಿಗೆ ಗೊತ್ತು. ಅಲ್ಲಿ ಕಲ್ಲನ್ನೇ ಅಕ್ಷರಗಳ ಆಕಾರದಲ್ಲಿ ಕೊರೆಯಲಾಗಿದೆ, ಬೆಳಕು ಅಕ್ಷರಗಳ ಸಂದಿನಿಂದ ಒಳಬರುತ್ತದೆ. ಅಕ್ಷರದ ಚೆಲುವನ್ನು ಪ್ರೀತಿಸುವುದು ನಮ್ಮ ಮಣ್ಣಿಗೆ ಹೊಸತಲ್ಲ.

ಇಷ್ಟನ್ನು ಓದಿ, 'ಸರಿ, ಹಾಗಾದರೆ ನನ್ನ ಹವ್ಯಾಸಕ್ಕೆ ಯಾವ ಅಡ್ಡಿಯೂ ಇಲ್ಲ' ಎಂದು ನೀವು ಸಮಾಧಾನ ಪಡಬಹುದು. ನಾನೂ ಹಾಗೆಯೇ ಸಮಾಧಾನ ಪಟ್ಟುಕೊಂಡಿದ್ದೆ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಹ. ಅಬೂಬಕರ್(ರ)ರ ಆಡಳಿತ ಕಾಲದಲ್ಲಿ ಕುರ್‌ಆನನ್ನು ಒಂದೆಡೆ ಸಂಗ್ರಹಿಸುವ ಹೊಣೆ ಹೊತ್ತ ಹ. ಝೈದ್ ಬಿನ್ ಸಾಬಿತ್(ರ) ಅದನ್ನು ಎಲ್ಲಿಂದ ಕಲೆಹಾಕಿದರು? ಖರ್ಜೂರದ ಗರಿಯ ದಿಂಡುಗಳಿಂದ, ತೆಳುವಾದ ಬಿಳಿ ಕಲ್ಲುಗಳಿಂದ, ಜನರ ಹೃದಯಗಳಿಂದ. ಲೋಕದ ಅತಿ ಶ್ರೇಷ್ಠ ವಚನಗಳಿಗೆ ಸಿಕ್ಕಿದ್ದು ಅತಿ ಸಾಮಾನ್ಯ ಹಾಳೆ. ಮುಂದೆ ಅದೇ ವಚನಗಳನ್ನು ಚಿನ್ನದ ಶಾಯಿಯಲ್ಲಿ ಬರೆದವರೂ ಬಂದರು. ಗರಿಯ ದಿಂಡಿನಿಂದ ಅದರ ಮಹಿಮೆ ಕುಗ್ಗಲಿಲ್ಲ, ಚಿನ್ನದಿಂದ ಹಿಗ್ಗಲೂ ಇಲ್ಲ.

ನಮ್ಮ ಕನ್ನಡ ನಾಡಿನ ಹಳೆಯ ಬರಹವೂ ಇದನ್ನೇ ಹೇಳುತ್ತದೆ. ಹಿಂದಿನವರು ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಚಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದರು. ಅದಕ್ಕೆ ಕಡತವೆಂದು ಹೆಸರು. ಇಂದು ಕಚೇರಿಯ ಫೈಲಿಗೆ ಆ ಹೆಸರು ಉಳಿದಿದೆ. ಬಡ ಸಾಮಗ್ರಿ, ಆದರೆ ಊರಿನ ಕೊಡುಕೊಳೆ ಅದರ ಮೇಲೆ ನಿಂತಿತ್ತು. ಸಾವಿರ ವರ್ಷಗಳ ಹಿಂದೆ ಲಕ್ಕುಂಡಿಯ ಅತ್ತಿಮಬ್ಬೆ ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಓಲೆ ಪ್ರತಿಗಳನ್ನು ಬರೆಸಿ ಹಂಚಿದಳು. ಅವಳ ಹೆಸರು ಉಳಿದದ್ದು ಓಲೆಗರಿಗಳನ್ನು ಕೂಡಿಟ್ಟದ್ದಕ್ಕಲ್ಲ, ಕೊಟ್ಟದ್ದಕ್ಕೆ. ಧರ್ಮ ಬೇರೆಯಾದರೂ ಈ ಪಾಠವನ್ನು ಕಲಿಯಲು ನಮಗೆ ಸಂಕೋಚ ಬೇಕಿಲ್ಲ.

ಈ ಪಾಠವನ್ನು ನಾನು ಪುಸ್ತಕದಿಂದ ಕಲಿತಿದ್ದರೆ ಚೆನ್ನಾಗಿತ್ತು. ಆದರೆ ನಾಚಿಕೆಪಟ್ಟು ಕಲಿಯಬೇಕಾಯಿತು. ನಿಮಗೆ ಉಪಯೋಗವಾದೀತೆಂದು ಅದನ್ನು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಮಗ್ರಿಬ್ ನಮಾಝ್ ಮುಗಿಸಿ ಬಂದು, ಮಿರಜಿನಿಂದ ತಂದಿದ್ದ ಹೊಸ ಪೆನ್ನಿಗೆ ಶಾಯಿ ತುಂಬಿ, ಅಷ್ಟೇ ಹೊಸತಾದ ಒಂದು ವಹಿಯಲ್ಲಿ ಬರೆದು ನೋಡುತ್ತಿದ್ದೆ. ಆಗ ಇಬ್ಬರು ಬಾಗಿಲಿಗೆ ಬಂದರು. ಒಬ್ಬರು ನಮ್ಮ ಜಮಾಅತ್‌ನವರು, ಇನ್ನೊಬ್ಬರು ಅವರ ಹೊಲದ ಪಕ್ಕದ ರೈತರು. ದ್ರಾಕ್ಷಿ ತೋಟದ ಖರ್ಚಿಗೆಂದು ಒಬ್ಬರು ಇನ್ನೊಬ್ಬರಿಗೆ ಸಾಲ ಕೊಡುವವರಿದ್ದರು. ಒಣದ್ರಾಕ್ಷಿ ಮಾರಿದ ಮೇಲೆ ತೀರಿಸುವ ಮಾತು. "ಮಾಸ್ತರ್ರ, ಒಂದು ಚೀಟಿ ಬರದ ಕೊಡ್ರಿ, ಇಬ್ರೂ ಸಹಿ ಮಾಡ್ತೀವಿ" ಎಂದರು.

ಪೆನ್ನು ನನ್ನ ಕೈಯಲ್ಲೇ ಇತ್ತು. ವಹಿ ಮುಂದೆ ತೆರೆದಿತ್ತು. ಆದರೆ ಅದು ಹೊಲಿಗೆಯ ವಹಿ. ಹೊಲಿಗೆಯ ವಹಿಯಿಂದ ಒಂದು ಹಾಳೆ ಹರಿದರೆ ಆಚೆ ಬದಿಯ ಅದರ ಜೋಡಿ ಹಾಳೆಯೂ ಸಡಿಲವಾಗಿ ಕಳಚಿ ಬರುತ್ತದೆ. ಮನೆಯಲ್ಲಿ ಬೇರೆ ಬಿಡಿ ಕಾಗದ ಇರಲಿಲ್ಲ. ನಾನು, "ನಾಳೆ ಬರ್ರಿ, ಚೊಲೋ ಕಾಗದದ ಮ್ಯಾಲ ಬರದ ಕೊಡ್ತೀನಿ" ಎಂದೆ. ಅವರು ಒಪ್ಪಿ ಹೋದರು. ಹಣ ಆ ರಾತ್ರಿಯೇ ಕೈಬದಲಾಯಿತು. ನಾಳೆ ಎಂಬುದು ಬರಲಿಲ್ಲ. ಅವರು ಮರೆತರು, ನಾನು ನೆನಪಿಸಲಿಲ್ಲ.

ಎಂಟು ತಿಂಗಳ ನಂತರ ಸಾಲ ಕೊಟ್ಟವರು ಹಠಾತ್ತನೆ ತೀರಿಕೊಂಡರು. ಅವರ ಮಕ್ಕಳು ಒಂದು ಮೊತ್ತ ಹೇಳಿದರು, ಸಾಲಗಾರರು ಅದಕ್ಕಿಂತ ಕಡಿಮೆ ಹೇಳಿದರು, ಅದರಲ್ಲೂ ಸ್ವಲ್ಪ ಮರಳಿಸಿದ್ದೇನೆ ಎಂದರು. ಹಿರಿಯರು ನನ್ನನ್ನು ಕರೆದು ಕೇಳಿದರು. ನಾನೇನು ಹೇಳಲಿ? ಅಂದು ಮೊತ್ತ ಎಷ್ಟೆಂದು ಕೇಳುವಷ್ಟು ವ್ಯವಧಾನವೂ ನನಗಿರಲಿಲ್ಲ. ಯಾರು ಸುಳ್ಳು ಹೇಳುತ್ತಿದ್ದಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಇಬ್ಬರೂ ತಮಗೆ ತಿಳಿದದ್ದನ್ನೇ ಹೇಳುತ್ತಿದ್ದಿರಲೂಬಹುದು. ಹಿರಿಯರು ನಡುವಿನ ಒಂದು ಮೊತ್ತಕ್ಕೆ ರಾಜಿ ಮಾಡಿಸಿದರು. ಎರಡೂ ಮನೆಯವರು ತಮಗೆ ಅನ್ಯಾಯವಾಯಿತೆಂದೇ ಎದ್ದುಹೋದರು. ತಲೆಮಾರುಗಳಿಂದ ಒಂದೇ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದ ಮನೆಗಳವು. ಈಗ ಹಬ್ಬಕ್ಕೂ ಮಾತಿಲ್ಲ.

ಆ ರಾತ್ರಿ ನಾನು ಲೆಕ್ಕ ಹಾಕಿದೆ. ವಹಿಯ ಬೆಲೆ 250 ರೂಪಾಯಿ, ಪುಟ 200, ಅಂದರೆ ಹಾಳೆ 100. ಒಂದು ಹಾಳೆಗೆ ಎರಡೂವರೆ ರೂಪಾಯಿ. ಜೋಡಿ ಹಾಳೆಯೂ ಹಾಳಾದರೆ ಐದು ರೂಪಾಯಿ. ಐದು ರೂಪಾಯಿಯ ಕಾಗದವನ್ನು ಉಳಿಸಲು ಹೋಗಿ ನಾನು ಎರಡು ಮನೆಗಳ ನೆರೆಹೊರೆಯನ್ನು ಕಳೆದಿದ್ದೆ.

ಪವಿತ್ರ ಕುರ್‌ಆನಿನ ಅತಿ ದೀರ್ಘವಾದ ಸೂಕ್ತ ಯಾವುದರ ಕುರಿತಾಗಿದೆ ಗೊತ್ತೇ? ನಮಾಝಿನ ಕುರಿತಲ್ಲ, ಉಪವಾಸದ ಕುರಿತಲ್ಲ. ಸಾಲವನ್ನು ಬರೆದಿಡುವುದರ ಕುರಿತು. ಅಲ್ ಬಕರಃ ಅಧ್ಯಾಯದ 282ನೆಯ ಸೂಕ್ತದಲ್ಲಿ ಸಾಲ ಸಣ್ಣದಿರಲಿ ದೊಡ್ಡದಿರಲಿ, ಅವಧಿ ಸಹಿತ ಬರೆದಿಡಲು ಬೇಸರಿಸಬಾರದೆಂದು ಆದೇಶವಿದೆ. ಬರೆಯಬಲ್ಲವನು ಬರೆದುಕೊಡಲು ನಿರಾಕರಿಸಬಾರದು ಎಂದೂ ಇದೆ, ಏಕೆಂದರೆ ಅವನಿಗೆ ಬರಹ ಕಲಿಸಿದವನು ಅಲ್ಲಾಹನು. ಈ ಸೂಕ್ತವನ್ನು ನಾನು ಮದ್ರಸದಲ್ಲಿ ಕಂಠಪಾಠ ಮಾಡಿದ್ದೆ, ಮಕ್ಕಳಿಗೆ ಕಲಿಸಿಯೂ ಇದ್ದೆ. ಆದರೆ ಅದು ನನ್ನ ಬಾಗಿಲಿಗೆ ಇಬ್ಬರು ರೈತರ ರೂಪದಲ್ಲಿ ಬಂದಾಗ ನನಗೆ ಗುರುತು ಸಿಗಲಿಲ್ಲ.

ಹಾಗಾದರೆ ನನ್ನ ತಪ್ಪು ಎಲ್ಲಿತ್ತು? ದುಬಾರಿ ವಹಿ ಕೊಂಡದ್ದರಲ್ಲಿಯೇ? ನಾನು ಹಾಗೆ ಭಾವಿಸುವುದಿಲ್ಲ. ಅಗ್ಗದ ವಹಿಯನ್ನೂ ಕೊಡದೆ ಬಿಗಿಹಿಡಿಯುವವರಿದ್ದಾರೆ. ಹಾಗೆ ನೋಡಿದರೆ ಅಗ್ಗದ ವಸ್ತು ಯಾವಾಗಲೂ ಮಿತವ್ಯಯವೂ ಅಲ್ಲ. ತಿಂಗಳಿಗೆರಡು ಪ್ಲಾಸ್ಟಿಕ್ ಪೆನ್ನು ಬಿಸಾಡುವವನಿಗಿಂತ ಒಂದೇ ಶಾಯಿ ಪೆನ್ನನ್ನು ತೊಳೆದು ತುಂಬಿ ಇಪ್ಪತ್ತು ವರ್ಷ ಬಳಸುವವನು ಕಡಿಮೆ ಪೋಲು ಮಾಡುತ್ತಾನೆ. ತಪ್ಪು ಇದ್ದದ್ದು ಬೆಲೆಯಲ್ಲಲ್ಲ. ವಹಿ ನನ್ನ ಸೇವೆಗೆಂದು ಇರುವುದನ್ನು ಮರೆತು ನಾನು ವಹಿಯ ಸೇವೆಗೆ ನಿಂತದ್ದರಲ್ಲಿ.

ವಸ್ತುವನ್ನು ಜೋಪಾನ ಮಾಡುವುದು ಒಳ್ಳೆಯ ಗುಣವಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಒಳ್ಳೆಯ ಗುಣ. ಆದರೆ ಜೋಪಾನಕ್ಕೂ ಜಿಪುಣತನಕ್ಕೂ ಇರುವ ಗೆರೆಯನ್ನು ತಿಳಿಯಬೇಕು. ಪೆನ್ನನ್ನು ತೊಳೆದು, ಒರೆಸಿ, ಮುಚ್ಚಳ ಹಾಕಿ ಇಡುವುದು ಅದು ನಾಳೆಯ ಕೆಲಸಕ್ಕೆ ಒದಗಲೆಂದು. ಅದು ಜೋಪಾನ. ಕೆಲಸ ಬಂದಾಗ ಪೆನ್ನಿಗೆ ಏನಾದರೂ ಆದೀತೆಂದು ಕೆಲಸವನ್ನೇ ಹಿಂದಕ್ಕೆ ಕಳಿಸಿದರೆ ಅದು ಜಿಪುಣತನ. ಮೊದಲನೆಯದು ವಸ್ತುವನ್ನು ಬಳಕೆಗಾಗಿ ಕಾಯುತ್ತದೆ, ಎರಡನೆಯದು ವಸ್ತುವನ್ನು ಬಳಕೆಯಿಂದ ಕಾಯುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ವ್ಯತ್ಯಾಸ ತಿಳಿಯುವುದು ಯಾರಾದರೂ ಬಾಗಿಲು ಬಡಿದಾಗ ಮಾತ್ರ.

ನಾವು ನಮಾಝಿನಲ್ಲಿ ಪದೇ ಪದೇ ಓದುವ ಚಿಕ್ಕ ಅಧ್ಯಾಯ 'ಅಲ್ ಮಾಊನ್' ಇಲ್ಲಿ ನೆನಪಾಗಬೇಕು. ತೋರಿಕೆಯ ನಮಾಝಿಗಳನ್ನು ಖಂಡಿಸಿ, ಅವರು 'ಮಾಊನ್' ಅನ್ನು ತಡೆಹಿಡಿಯುತ್ತಾರೆ ಎನ್ನುವಲ್ಲಿಗೆ ಆ ಅಧ್ಯಾಯ ಮುಗಿಯುತ್ತದೆ. ಮಾಊನ್ ಎಂದರೇನು? ಅದು ಝಕಾತ್ ಎಂದು ಕೆಲವು ಸಹಾಬಿಗಳು ಹೇಳಿದ್ದಾರೆ. ನೆರೆಯವರು ಪರಸ್ಪರ ಕೊಟ್ಟು ತರುವ ಕೊಡ, ಪಾತ್ರೆಗಳಂತಹ ದಿನಬಳಕೆಯ ವಸ್ತುಗಳೆಂದು ಹ. ಅಬ್ದುಲ್ಲಾ ಬಿನ್ ಮಸ್‌ಊದ್(ರ) ವಿವರಿಸಿದ್ದಾರೆ. ಹಾಗಿದ್ದರೆ ನಮ್ಮ ಕಾಲದ ಮಾಊನ್ ಯಾವುದು? ಬ್ಯಾಂಕಿನಲ್ಲಿ, ಅಂಚೆ ಕಚೇರಿಯಲ್ಲಿ ಅರ್ಜಿ ತುಂಬಲು ಪಕ್ಕದಲ್ಲಿ ನಿಂತವರು ಕೇಳುವ ಪೆನ್ನು ಮಾಊನ್ ಅಲ್ಲವೇ? ಪರೀಕ್ಷೆಯ ದಿನ ಶಾಯಿ ಮುಗಿದ ಹುಡುಗ ಕೇಳುವ ಪೆನ್ನು? ಮೊತ್ತ ಬರೆದುಕೊಳ್ಳಲು ರೈತನೊಬ್ಬ ಕೇಳುವ ಅರ್ಧ ಹಾಳೆ? ಕೇಳಿದಾಗ ನಮ್ಮ ಕೈ ಒಂದು ಗಳಿಗೆ ತಡೆದರೆ ಆ ತಡೆ ಏನೆಂದು ನಾವೇ ವಿಚಾರಿಸಿಕೊಳ್ಳಬೇಕು.

ಮದ್ರಸದಲ್ಲಿ ನಾವು ಮರದ ಹಲಗೆಯ ಮೇಲೆ ಮುಲ್ತಾನಿ ಮಣ್ಣು ಬಳಿದು ಬಿದಿರು ಕಡ್ಡಿಯ ಕಲಮಿನಿಂದ ಬರೆಯುತ್ತಿದ್ದೆವು. ಪಾಠ ಒಪ್ಪಿಸಿದ ಮೇಲೆ ತೊಳೆದು ಮತ್ತೆ ಮಣ್ಣು ಬಳಿಯುವುದು. ಅಷ್ಟು ಅಂದವಾಗಿ ಬರೆದದ್ದನ್ನು ದಿನವೂ ತೊಳೆಯಬೇಕಲ್ಲ ಎಂದು ಆಗ ಬೇಸರವಾಗುತ್ತಿತ್ತು. ಬರೆದದ್ದು ಕಲಿಕೆಗೆ, ಹಲಗೆಯ ಅಲಂಕಾರಕ್ಕಲ್ಲ ಎಂಬುದು ಈಗ ಅರ್ಥವಾಗುತ್ತದೆ.

ಇನ್ನು ಪೋಲಿನ ಮಾತು. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ಕಾಗದದ ಕಾರ್ಖಾನೆಯನ್ನು ನಮ್ಮ ಭಾಗದ ಅನೇಕರು ಬಲ್ಲರು. ಬಿದಿರು, ಕಟ್ಟಿಗೆ, ಕಾಳಿ ನದಿಯ ನೀರು, ಕಾರ್ಮಿಕರ ಬೆವರು, ಇಷ್ಟು ಸೇರಿ ಒಂದು ಹಾಳೆಯಾಗುತ್ತದೆ. ಹರಿಯುವ ನದಿಯ ದಂಡೆಯಲ್ಲಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂಬ ಶಿಕ್ಷಣ ಪಡೆದ ಸಮುದಾಯ ಒಂದೇ ಮಗ್ಗುಲು ಬರೆದ ಹಾಳೆಯನ್ನು ಮುದುಡಿ ಎಸೆಯಬಹುದೇ? ವರ್ಷಕ್ಕೆ ಹತ್ತು ವಹಿ ಕೊಂಡು ಒಂದನ್ನೂ ತುಂಬಿಸದವನು ತಾನು ಕಾಗದವನ್ನು ಪ್ರೀತಿಸುತ್ತೇನೆ ಎನ್ನುವಂತಿಲ್ಲ. ಅವನು ಪ್ರೀತಿಸುವುದು ಕೊಳ್ಳುವುದನ್ನು.

ಆದ್ದರಿಂದ ಈ ಹವ್ಯಾಸವುಳ್ಳ ನನ್ನಂತಹ ಮಿತ್ರರಿಗೆ ಕೆಲವು ವಿನಂತಿಗಳಿವೆ. ನಿಮ್ಮ ಶಕ್ತಿಗೆ ತಕ್ಕ ಒಂದು ಒಳ್ಳೆಯ ಪೆನ್ನು ಇಟ್ಟುಕೊಳ್ಳಿ, ಅದರಿಂದ ಸಂತೋಷಪಡಿ, ಕಲಿಸಿದವನನ್ನು ಸ್ತುತಿಸಿ. ಕೈಯಲ್ಲಿರುವ ವಹಿ ತುಂಬುವ ಮೊದಲು ಇನ್ನೊಂದನ್ನು ಕೊಳ್ಳಬೇಡಿ. ಬಿಡಿ ಹಾಳೆಗಳ ಒಂದು ಕಟ್ಟನ್ನು ಬಾಗಿಲ ಬಳಿಯೇ ಇಟ್ಟುಕೊಳ್ಳಿ. ನಾನೀಗ ಹಾಗೆ ಇಟ್ಟಿದ್ದೇನೆ, ಬಂದವರಿಗೆ ಚೀಟಿ ಬರೆದು ಮೊತ್ತ, ಅವಧಿ, ಸಾಕ್ಷಿಗಳ ಸಹಿ ಸಹಿತ ಎರಡು ಪ್ರತಿ ಕೊಡುತ್ತೇನೆ. ಇಂದು ಹಣ ಮೊಬೈಲಿನಲ್ಲಿ ಹೋಗುತ್ತದೆ, ದಾಖಲೆ ಅಲ್ಲೇ ಇದೆಯಲ್ಲ ಎನ್ನುವವರಿದ್ದಾರೆ. ಹಣ ಹೋದದ್ದಕ್ಕೆ ಅಲ್ಲಿ ದಾಖಲೆಯಿದೆ ನಿಜ, ಅದು ಸಾಲವೋ ದಾನವೋ, ಎಂದು ತೀರಿಸಬೇಕೋ ಎಂಬುದಕ್ಕೆ ಇಲ್ಲ.

ಇನ್ನೊಂದು ಮುಖ್ಯ ವಿಷಯ. ವಸಿಯ್ಯತ್ ಮಾಡಬೇಕಾದ ಏನಾದರೂ ಇರುವ ಮುಸ್ಲಿಮನು ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯುವುದು ಸರಿಯಲ್ಲವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನಮ್ಮಲ್ಲಿ ಎಷ್ಟು ಮಂದಿಯ ಸುಂದರ ವಹಿಗಳಲ್ಲಿ ಆ ಒಂದು ಪುಟವಿದೆ? ಯಾರಿಗೆ ಎಷ್ಟು ಕೊಡಬೇಕು, ಯಾರ ಅಮಾನತ್ತು ನಮ್ಮಲ್ಲಿದೆ ಎಂಬುದನ್ನು ನಿಮ್ಮಲ್ಲಿರುವ ಅತಿ ಒಳ್ಳೆಯ ಕಾಗದದ ಮೇಲೆ, ಅತಿ ಒಳ್ಳೆಯ ಪೆನ್ನಿನಿಂದ ಇಂದೇ ಬರೆಯಿರಿ. ಆ ಕಾಗದಕ್ಕೆ ಇದಕ್ಕಿಂತ ದೊಡ್ಡ ಗೌರವವಿಲ್ಲ.

ವಿಜಯಪುರದ ಅಸರ್ ಮಹಲಿನಲ್ಲಿ ಆದಿಲ್ ಶಾಹಿಗಳ ಗ್ರಂಥಭಂಡಾರದಿಂದ ಉಳಿದುಬಂದಿದ್ದ ಹಸ್ತಪ್ರತಿಗಳನ್ನು 1853ರಲ್ಲಿ ಲಂಡನ್ನಿಗೆ ಸಾಗಿಸಲಾಯಿತು. ಅವನ್ನು ಕೂಡಿಟ್ಟ ಅರಸರ ಒಡೆತನ ಮುಗಿಯಿತು, ಬರೆದವರ ಬರಹ ಮಾತ್ರ ಉಳಿಯಿತು. ನಮ್ಮ ಪೆಟ್ಟಿಗೆಯ ಪೆನ್ನುಗಳೂ ಒಂದು ದಿನ ಬೇರೆಯವರ ಕೈಗೆ ಹೋಗುತ್ತವೆ. ಸಂಪತ್ತನ್ನು ಎಲ್ಲಿಂದ ಗಳಿಸಿ ಎಲ್ಲಿ ಖರ್ಚು ಮಾಡಿದೆ, ಕಲಿತ ವಿದ್ಯೆಯಿಂದ ಏನು ಮಾಡಿದೆ ಎಂಬ ಪ್ರಶ್ನೆಗಳು ನಾಳೆ ಪರಲೋಕದಲ್ಲಿ ಎದುರಾಗಲಿವೆ. ಪೆನ್ನು ಈ ಎರಡೂ ಪ್ರಶ್ನೆಗಳಿಗೆ ಒಳಪಡುವ ವಸ್ತು.

ಆ ಇಬ್ಬರಿಗೆ ನಾನು ಬರೆದುಕೊಡದ ಚೀಟಿಯೂ ಎಲ್ಲೋ ಬರೆಯಲ್ಪಟ್ಟಿದೆ ಎಂಬ ಭಯ ನನಗಿದೆ. ನಮ್ಮ ಕರ್ಮಗಳನ್ನು ಬರೆಯುವ ಗೌರವಾನ್ವಿತ ಲೇಖಕರು ಹಾಳೆ ಉಳಿಸುವವರಲ್ಲ. ಆ ಎರಡು ಮನೆಗಳ ನಡುವೆ ಮಾತು ಮರಳುವಂತೆ ಮಾಡಲು ನಾನು ಇನ್ನೂ ಹೋಗಿ ಬರುತ್ತಿದ್ದೇನೆ. ನೀವೂ ದುಆ ಮಾಡಿರಿ.

ಅಲ್ಲಾಹನು ನಮ್ಮ ಲೇಖನಿಗಳನ್ನು ಸತ್ಯಕ್ಕೂ ನ್ಯಾಯಕ್ಕೂ ಒದಗುವಂತೆ ಮಾಡಲಿ. ಕೇಳಿದವರಿಗೆ ಕೊಡುವ ಕೈಯನ್ನು ನಮಗೆ ಕರುಣಿಸಲಿ. ಆಮೀನ್.